ಹೇರು ತುಂಬಿದ ಟ್ರೇಲರ್ ಎಳೆಯದಿದ್ದರೆ: ಎಂಜಿನ್, ಟೈರು, ತೂಕವನ್ನು ಪರೀಕ್ಷಿಸುವ ಕ್ರಮ

ಹಾವೇರಿಯಲ್ಲಿ ಗೋವಿನಜೋಳ, ಬ್ಯಾಡಗಿಯಲ್ಲಿ ಮೆಣಸಿನಕಾಯಿ, ಮುಂಡರಗಿಯ ಹೊಳೆಸಾಲಿನಲ್ಲಿ ಕಬ್ಬು. ಸುಗ್ಗಿ ಯಾವುದೇ ಇರಲಿ, ದೂರು ಒಂದೇ: "ಟ್ರ್ಯಾಕ್ಟರ್ ಎಳೆಯುತ್ತಿಲ್ಲ." ಹೇಳುವವರು ಅಷ್ಟರೊಳಗೆ ಎರಡರಲ್ಲಿ ಒಂದನ್ನು ಮಾಡಿ ಮುಗಿಸಿರುತ್ತಾರೆ. ಒಂದೋ ಹಿಂದಿನ ಗಾಲಿಗೆ ದೊಡ್ಡ ಟೈರು ಹಾಕಿಸಿರುತ್ತಾರೆ, ಇಲ್ಲವೇ ಇದ್ದ ಟ್ರ್ಯಾಕ್ಟರನ್ನು ವಿನಿಮಯಕ್ಕೆ ಕೊಟ್ಟು ಹೆಚ್ಚಿನ ಎಚ್‌ಪಿಯದಕ್ಕೆ ಮುಂಗಡ ಕಟ್ಟಿರುತ್ತಾರೆ. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ.

ಕಾರಣ ಸರಳ. ಹೇರನ್ನು ಎಷ್ಟು ವೇಗವಾಗಿ ಎಳೆಯಬಹುದು ಎಂಬುದು ಎಂಜಿನ್‌ನ ಕೈಯಲ್ಲಿದೆ. ಹೇರು ಅಲುಗುತ್ತದೋ ಇಲ್ಲವೋ ಎಂಬುದು ಹಿಂದಿನ ಗಾಲಿಯ ಮೇಲಿರುವ ತೂಕ ಮತ್ತು ಟೈರು ನೆಲವನ್ನು ಹಿಡಿಯುವ ಬಗೆಯ ಮೇಲೆ ನಿಂತಿದೆ. ಗಾಲಿ ಜಾರುವ ಟ್ರ್ಯಾಕ್ಟರಿಗೆ ದೊಡ್ಡ ಎಂಜಿನ್ ಕೊಟ್ಟರೆ ಅದು ಇನ್ನೂ ಜೋರಾಗಿ ಜಾರುತ್ತದೆ. ಉಸಿರು ಕಟ್ಟುವ ಎಂಜಿನ್ನಿಗೆ ದೊಡ್ಡ ಟೈರು ಹಾಕಿದರೆ ಉಸಿರು ಇನ್ನಷ್ಟು ಕಟ್ಟುತ್ತದೆ. ಆದ್ದರಿಂದ ಕೆಳಗಿನ ಕ್ರಮವನ್ನು ಹಿಂದೆಮುಂದೆ ಮಾಡಬೇಡಿ. ಖರ್ಚಿಲ್ಲದ ಕೆಲಸಗಳು ಮೊದಲು ಬರುತ್ತವೆ, ಲಕ್ಷ ಬೇಡುವ ಕೆಲಸ ಕೊನೆಗೆ.

## ಕೈಯಲ್ಲಿ ಇರಬೇಕಾದದ್ದು

ಸೀಮೆಸುಣ್ಣ, ಉದ್ದನೆಯ ಅಳತೆ ಟೇಪು, ಜಾಕಿ, ಗಾಲಿಗೆ ಒಡ್ಡಲು ಎರಡು ಮರದ ದಿಮ್ಮಿ, ಟ್ರ್ಯಾಕ್ಟರಿನ ಕೈಪಿಡಿ, ಟ್ರೇಲರಿನ ಆರ್‌ಸಿ. ಇವುಗಳ ಜೊತೆಗೆ ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವ ಗಾಳಿ ಗೇಜು ಬೇಕು. ಪಂಕ್ಚರ್ ಅಂಗಡಿಯ ಲಾರಿ ಗೇಜು ನೂರರ ಆಚೆಯ ಒತ್ತಡಕ್ಕೆಂದು ಮಾಡಿದ್ದು. ಅದರಲ್ಲಿ 12 ಮತ್ತು 18 ಪಿಎಸ್‌ಐ ನಡುವೆ ಮುಳ್ಳು ಅಲುಗುವುದೇ ಕಷ್ಟ. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಆ ಆರು ಪಿಎಸ್‌ಐ ವ್ಯತ್ಯಾಸವೇ ಸರ್ವಸ್ವ.

## ಹಂತ 1: ಕಾಟಾದ ಮೇಲೆ ಮೂರು ಸಲ ನಿಲ್ಲಿಸಿ

ಎಪಿಎಂಸಿ ಪ್ರಾಂಗಣದ ಆಸುಪಾಸಿನಲ್ಲಿ ವೇಬ್ರಿಡ್ಜ್ ಸಿಗುತ್ತದೆ. ಮಾಲು ಮಾರುವ ದಿನವೇ ಈ ಕೆಲಸವನ್ನೂ ಮುಗಿಸಿಕೊಳ್ಳಿ. ಹೇರು ತುಂಬಿದ ಟ್ರೇಲರ್ ಹುಕ್ಕಿಗೆ ಸಿಕ್ಕಿಸಿದಂತೆಯೇ ಇರಲಿ. ಮೊದಲು ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನು ಮಾತ್ರ ಕಾಟಾದ ಮೇಲೆ ಹತ್ತಿಸಿ ತೂಕ ಬರೆದುಕೊಳ್ಳಿ. ಆಮೇಲೆ ಟ್ರೇಲರಿನ ಗಾಲಿಗಳು ಹೊರಗೇ ಉಳಿಯುವಂತೆ ಇಡೀ ಟ್ರ್ಯಾಕ್ಟರ್. ಕೊನೆಗೆ ಟ್ರೇಲರ್ ಸಮೇತ ಎಲ್ಲವೂ. ಎರಡನೆಯ ತೂಕದಿಂದ ಮೊದಲನೆಯದನ್ನು ಕಳೆದರೆ ಹಿಂದಿನ ಗಾಲಿಗಳ ಮೇಲಿನ ಭಾರ ಸಿಗುತ್ತದೆ. ನಮ್ಮ ಲೆಕ್ಕಕ್ಕೆಲ್ಲ ಅದೇ ಮುಖ್ಯ.

ಒಟ್ಟು ತೂಕದಿಂದ ಟ್ರ್ಯಾಕ್ಟರಿನ ಸ್ವಂತ ತೂಕವನ್ನು ಕಳೆದು, ಉಳಿದದ್ದನ್ನು ಟ್ರೇಲರಿನ ಆರ್‌ಸಿಯಲ್ಲಿ ನಮೂದಾಗಿರುವ ಭರ್ತಿ ತೂಕದೊಂದಿಗೆ ಹೋಲಿಸಿ. ಅದನ್ನು ಮೀರಿದ್ದರೆ ಮುಂದಿನ ಹಂತಗಳು ಬೇಕಿಲ್ಲ, ಹೇರು ಇಳಿಸಿದರೆ ಸಾಕು. ಇನ್ನೊಂದು ಗಮನಿಸಿ: ಮುಂದಿನ ಗಾಲಿಗಳ ಮೇಲೆ ಟ್ರ್ಯಾಕ್ಟರಿನ ಸ್ವಂತ ತೂಕದ ಐದರಲ್ಲಿ ಒಂದು ಭಾಗವಾದರೂ ಇರಬೇಕು. ಎರಡು ಟನ್ ಟ್ರ್ಯಾಕ್ಟರ್ ಆದರೆ 400 ಕಿಲೋ. ಅದಕ್ಕಿಂತ ಕಡಿಮೆಯಿದ್ದರೆ ಸ್ಟಿಯರಿಂಗ್ ನಂಬುವಂತಿಲ್ಲ.

ಮೆಣಸಿನಕಾಯಿ ಹೇರುವವರು ಈ ಹಂತವನ್ನು "ನಮ್ಮದು ಹಗುರ ಮಾಲು" ಎಂದು ಬಿಟ್ಟುಬಿಡುತ್ತಾರೆ. ತೂಕ ಕಡಿಮೆ ನಿಜ. ಆದರೆ ಚೀಲಗಳನ್ನು ಆಳೆತ್ತರ ಮೇಲೇರಿಸಿದ ಟ್ರೇಲರ್ ತಿರುವಿನಲ್ಲಿ ಮಗುಚಲು ಭಾರವೇ ಬೇಕಿಲ್ಲ.

## ಹಂತ 2: ಎಷ್ಟು ಎಳೆತ ಬೇಕು, ಎಷ್ಟು ಸಿಗುತ್ತದೆ

ಇಲ್ಲಿ ಸ್ವಲ್ಪ ನಿಧಾನಿಸಿ. ಉದಾಹರಣೆಗೆ ಚಾಲಕನ ಸಮೇತ 2 ಟನ್ ತೂಗುವ 45 ಎಚ್‌ಪಿ ಟ್ರ್ಯಾಕ್ಟರ್, ಒಂದೂವರೆ ಟನ್ನಿನ ಎರಡು ಗಾಲಿಯ ಟ್ರೇಲರ್, ಅದರಲ್ಲಿ ಐದೂವರೆ ಟನ್ ಗೋವಿನಜೋಳ. ಒಟ್ಟು 9 ಟನ್, ಅಂದರೆ 9,000 ಕಿಲೋ.

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಉರುಳಲು ಒಟ್ಟು ತೂಕದ ಶೇಕಡಾ 2ರಷ್ಟು ಎಳೆತ ಸಾಕು: 180 ಕಿಲೋ. ಗಟ್ಟಿ ಮಣ್ಣಿನ ದಾರಿಯಲ್ಲಿ ಶೇಕಡಾ 5ರ ಸುತ್ತಮುತ್ತ: 450 ಕಿಲೋ. ಸಡಿಲ ಹೊಲದಲ್ಲಿ ಶೇಕಡಾ 10: 900 ಕಿಲೋ. ಮಳೆ ಬಿದ್ದ ಎರೆ ಹೊಲದಲ್ಲಿ ಶೇಕಡಾ 15 ದಾಟುತ್ತದೆ: 1,350 ಕಿಲೋ ಮತ್ತು ಮೇಲೆ. ಏರು ಸಿಕ್ಕರೆ, ಪ್ರತಿ ನೂರು ಮೀಟರಿಗೆ ಒಂದು ಮೀಟರ್ ಏರಿಕೆಗೆ ಒಟ್ಟು ತೂಕದ ಶೇಕಡಾ 1 ಸೇರಿಸಿ. ಕಲಘಟಗಿ ಕಡೆಯ ಏರಿಳಿತದ ದಾರಿಯಲ್ಲಿ ನೂರಕ್ಕೆ ಐದರ ಏರು ಬಂತೆಂದರೆ ಡಾಂಬರಿನ ಮೇಲೂ 180ಕ್ಕೆ 450 ಕೂಡಿ 630 ಕಿಲೋ ಎಳೆತ ಬೇಕು.

ಇನ್ನು ಸಿಗುವ ಎಳೆತ. ಇಂಥ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಸುಮಾರು 1,250 ಕಿಲೋ ಇರುತ್ತದೆ. ಎರಡು ಗಾಲಿಯ ಟ್ರೇಲರ್ ತನ್ನ ಮೂತಿಯ ಭಾರವನ್ನು ಹುಕ್ಕಿನ ಮೇಲೆ ಹಾಕುವುದರಿಂದ ಇನ್ನೊಂದು 450 ಸೇರಿ 1,700 ಆಯಿತು ಎನ್ನೋಣ. ಒಣ ಡಾಂಬರಿನಲ್ಲಿ ಟೈರು ತನ್ನ ಮೇಲಿನ ತೂಕದ ಸುಮಾರು ಶೇಕಡಾ 70ರಷ್ಟನ್ನು ಎಳೆತವಾಗಿ ಕೊಡಬಲ್ಲದು: 1,190 ಕಿಲೋ. ಗಟ್ಟಿ ಒಣ ಮಣ್ಣಿನಲ್ಲಿ ಅರ್ಧ: 850. ಸಡಿಲ ಹೊಲದಲ್ಲಿ ಶೇಕಡಾ 40: 680. ಹಸಿ ಎರೆಯಲ್ಲಿ ಶೇಕಡಾ 20 ಸಿಕ್ಕರೆ ಪುಣ್ಯ: 340.

ಈಗ ಎರಡೂ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಡಾಂಬರಿನ ಏರಿನಲ್ಲಿ ಬೇಕಾದದ್ದು 630, ಸಿಗುವುದು 1,190. ಅಲ್ಲಿ ಗಾಲಿ ಜಾರುವ ಪ್ರಶ್ನೆಯೇ ಇಲ್ಲ, ಎಂಜಿನ್ ಎಷ್ಟು ವೇಗ ಕೊಡುತ್ತದೆ ಎಂಬುದಷ್ಟೇ ಪ್ರಶ್ನೆ. ಸಡಿಲ ಹೊಲದಲ್ಲಿ ಬೇಕಾದದ್ದು 900, ಸಿಗುವುದು 680. ಅಲ್ಲಿ ನೂರು ಎಚ್‌ಪಿ ಎಂಜಿನ್ ತಂದು ಕೂರಿಸಿದರೂ ಅದೇ ಟೈರು, ಅದೇ ತೂಕವಿದ್ದರೆ ಟ್ರೇಲರ್ ಕದಲುವುದಿಲ್ಲ. ನವಲಗುಂದ, ನರಗುಂದ, ರೋಣದ ಎರೆ ಭೂಮಿಯವರು ಹೊಲದಿಂದ ಅರ್ಧ ಹೇರು ತಂದು ದಾರಿ ಬದಿಯಲ್ಲಿ ಪೂರ್ತಿ ಮಾಡಿಕೊಂಡರೆ ಅದು ಹೆದರಿಕೆಯಲ್ಲ, ಲೆಕ್ಕ.

## ಹಂತ 3: ರೋಗ ಎಲ್ಲಿದೆ ಎಂದು ಗುರುತಿಸಿ

ಹೇರು ತುಂಬಿಸಿ, ಎಲ್ಲಿ ನಿಂತುಬಿಡುತ್ತದೋ ಅದೇ ಜಾಗದಲ್ಲಿ ಮತ್ತೆ ಎಳೆಸಿ. ಒಬ್ಬರು ಪಕ್ಕದಲ್ಲಿ, ಸುರಕ್ಷಿತ ದೂರದಲ್ಲಿ ನಿಂತು ಗಾಲಿಗಳನ್ನು ನೋಡಲಿ. ಚಾಲಕ ಆರ್‌ಪಿಎಂ ಮುಳ್ಳಿನ ಮೇಲೆ ಕಣ್ಣಿಡಲಿ.

ಆರ್‌ಪಿಎಂ ಕುಸಿಯದೆ ಗಾಲಿ ಇದ್ದಲ್ಲೇ ಸುತ್ತುತ್ತಿದ್ದರೆ ತೊಂದರೆ ಹಿಡಿತದ್ದು. 4 ಮತ್ತು 5ನೇ ಹಂತಕ್ಕೆ ಹೋಗಿ.

ಆರ್‌ಪಿಎಂ ಇಳಿದು, ಕಪ್ಪು ಹೊಗೆ ಬಂದು, ಎಂಜಿನ್ ನಿಲ್ಲುವ ಹಂತಕ್ಕೆ ಬಂದರೆ ಗೇರು ಅಥವಾ ಎಂಜಿನ್. ಒಂದು ಗೇರು ಕೆಳಗೆ ಹಾಕಿ ನೋಡಿ. ಏರಿಬಿಟ್ಟರೆ ಎಂಜಿನ್ ಸರಿಯಾಗಿದೆ, ಗೇರಿನ ಆಯ್ಕೆ ತಪ್ಪಿತ್ತು. ಕೆಳಗಿನ ಗೇರಿನಲ್ಲೂ ಕಪ್ಪು ಹೊಗೆ ನಿಲ್ಲದಿದ್ದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ. ಸುಗ್ಗಿಯ ಹೊಟ್ಟು ಮತ್ತು ಧೂಳು ಅದನ್ನು ಎಷ್ಟು ಬೇಗ ಕಟ್ಟಿಸುತ್ತವೆ ಎಂದರೆ, ಎಂಜಿನ್ ಮೇಲಿನ ಅರ್ಧ ಅಪವಾದಗಳು ಆ ಡಬ್ಬಿಯಲ್ಲೇ ತೀರುತ್ತವೆ. ಆಮೇಲೆ ಡೀಸೆಲ್ ಫಿಲ್ಟರ್.

ಆರ್‌ಪಿಎಂ ಮೇಲಿದೆ, ಗಾಲಿಯೂ ಜಾರುತ್ತಿಲ್ಲ, ಆದರೂ ವೇಗ ಸಾಯುತ್ತಿದೆ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಕ್ಲಚ್ ಜಾರುತ್ತಿದೆ. ಇದನ್ನು ಎಂಜಿನ್ ಸೋಲು ಎಂದುಕೊಂಡು ಟ್ರ್ಯಾಕ್ಟರ್ ಮಾರುವವರೂ ಇದ್ದಾರೆ.

ಟ್ರೇಲರನ್ನೂ ಬಿಡಬೇಡಿ. ಅದನ್ನು ಖಾಲಿ ಮಾಡಿ, ಗಾಲಿಗೆ ದಿಮ್ಮಿ ಒಡ್ಡಿ, ಒಂದೊಂದೇ ಗಾಲಿಯನ್ನು ಜಾಕಿಯಿಂದ ಎತ್ತಿ ಕೈಯಿಂದ ತಿರುಗಿಸಿ. ಬಿಟ್ಟ ಮೇಲೂ ಅದು ಸಲೀಸಾಗಿ ಸುತ್ತುತ್ತಿರಬೇಕು. ಕೂಡಲೇ ನಿಂತರೆ ಬೇರಿಂಗಿನಲ್ಲಿ ಗ್ರೀಸ್ ಇಲ್ಲ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ಬೇರಿಂಗ್ ಸವೆದಿದೆ. ಹಳೆಯ ಲಾರಿ ಟೈರುಗಳನ್ನು ಟ್ರೇಲರಿಗೆ ಹಾಕಿ ಅರ್ಧ ಗಾಳಿಯಲ್ಲಿ ಓಡಿಸುವ ರೂಢಿಯೂ ಎಳೆತವನ್ನು ತಿನ್ನುತ್ತದೆ. ಡಾಂಬರಿನ ಮೇಲೆ ಟೈರು ಬಿಸಿಯಾಗಿ ಒಡೆಯುವುದೂ ಇದರಿಂದಲೇ.

## ಹಂತ 4: ಜಾರಿಕೆಯನ್ನು ಅಳೆಯಿರಿ

ಕಣ್ಣಳತೆಯಲ್ಲಿ "ಸ್ವಲ್ಪ ಜಾರುತ್ತದೆ" ಎನ್ನುವುದು ಏನನ್ನೂ ಹೇಳುವುದಿಲ್ಲ. ಹಿಂದಿನ ಟೈರಿನ ಪಕ್ಕಕ್ಕೆ ಸೀಮೆಸುಣ್ಣದಿಂದ ಒಂದು ದಪ್ಪ ಗೆರೆ ಎಳೆಯಿರಿ. ಗೆರೆ ನೆಲಕ್ಕೆ ಮುಟ್ಟಿದ ಕಡೆ ನೆಲದ ಮೇಲೊಂದು ಗುರುತು ಹಾಕಿ. ಟ್ರೇಲರ್ ಬಿಚ್ಚಿದ ಟ್ರ್ಯಾಕ್ಟರನ್ನು ನಿಧಾನ ಗೇರಿನಲ್ಲಿ, ಹತ್ತು ಸುತ್ತು ಪೂರ್ತಿಯಾಗುವವರೆಗೆ ನಡೆಸಿ, ಎಲ್ಲಿಗೆ ಬಂತೋ ಅಲ್ಲಿ ಇನ್ನೊಂದು ಗುರುತು. ಎರಡರ ನಡುವಿನ ದೂರ ಅಳೆಯಿರಿ. ಹೇರು ತುಂಬಿದ ಟ್ರೇಲರ್ ಸಿಕ್ಕಿಸಿ, ಅದೇ ಮಣ್ಣಿನಲ್ಲಿ, ಅದೇ ಗೇರಿನಲ್ಲಿ ಮತ್ತೆ ಹತ್ತು ಸುತ್ತು.

ಖಾಲಿಯಿದ್ದಾಗ 40 ಮೀಟರ್ ಹೋದದ್ದು ಹೇರಿನೊಂದಿಗೆ 35 ಮೀಟರ್ ಹೋಯಿತು ಎನ್ನಿ. ಕಳೆದುಹೋದ 5 ಮೀಟರನ್ನು 40ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 12.5. ಮಣ್ಣಿನ ಮೇಲೆ 10ರಿಂದ 15ರವರೆಗಿನ ಜಾರಿಕೆ ಸರಿಯಾದದ್ದು. 20 ದಾಟಿದರೆ ಡೀಸೆಲ್ಲೂ ಟೈರಿನ ಹಲ್ಲೂ ಒಟ್ಟಿಗೆ ಸವೆಯುತ್ತಿವೆ. 5ಕ್ಕಿಂತ ಕಡಿಮೆಯಾದರೂ ಬೀಗಬೇಡಿ: ಬೇಡದ ತೂಕವನ್ನು ಹೊತ್ತು ತಿರುಗುತ್ತಿದ್ದೀರಿ ಎಂದರ್ಥ.

## ಹಂತ 5: ಹುಕ್ಕು, ಗಾಳಿ, ನೀರು

ಹುಕ್ಕು ಮೊದಲು. ಎಳೆಯುವ ಬಿಂದು ಹಿಂದಿನ ಆಕ್ಸೆಲ್‌ಗಿಂತ ಕೆಳಗೇ ಇರಬೇಕು. ಮೇಲಕ್ಕೆ ಸಿಕ್ಕಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತು ಹಳ್ಳಿಹಳ್ಳಿಯಲ್ಲಿದೆ. ಹೆಚ್ಚುವುದು ಮುಂಭಾಗ ಎದ್ದು ಹಿಂದಕ್ಕೆ ಮಗುಚುವ ಸಾಧ್ಯತೆ. ಟಾಪ್ ಲಿಂಕ್ (ಉಪಕರಣ ಹಿಡಿಯುವ ಹಿಂಬದಿಯ ಮೇಲಿನ ತೋಳು) ಜಾಗಕ್ಕೆ ಸರಪಳಿ ಕಟ್ಟಿ ಹೂತ ಟ್ರೇಲರ್ ಎಳೆಯುವವರಿಗೆ ಹಾರಿಬೀಳಲೂ ಸಮಯ ಸಿಗುವುದಿಲ್ಲ. ಏರಿನಲ್ಲಿ ಸ್ಟಿಯರಿಂಗ್ ಹಗುರವಾದಂತೆ ಅನ್ನಿಸಿದರೆ ಅದೇ ಮೊದಲ ಎಚ್ಚರಿಕೆ. ಆಗ ಟ್ರೇಲರಿನೊಳಗೆ ಹೇರನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಮುಂಭಾಗಕ್ಕೆ ತೂಕದ ಬಿಲ್ಲೆಗಳನ್ನು ಹಾಕಿಸಿ. ಆದರೆ ಹೇರನ್ನು ಗಾಲಿಯ ಗೆರೆಗಿಂತ ಹಿಂದಕ್ಕೆ ಒಯ್ದರೆ ಮೂತಿ ಮೇಲೆದ್ದು ಹಿಂದಿನ ಗಾಲಿಯ ಹಿಡಿತವನ್ನೇ ಕಸಿಯುತ್ತದೆ.

ಗಾಳಿ. ಹಿಂದಿನ ಟೈರಿಗೆ ಹೊಲದಲ್ಲಿ 12ರಿಂದ 14 ಪಿಎಸ್‌ಐ, ಹೇರಿನೊಂದಿಗೆ ರಸ್ತೆಯಲ್ಲಿ 18ರಿಂದ 20ರ ಆಸುಪಾಸು. ನಿಮ್ಮ ಕೈಪಿಡಿ ಬೇರೆ ಅಂಕಿ ಹೇಳಿದರೆ ಕೈಪಿಡಿಯೇ ಸರಿ. ವರ್ಷವಿಡೀ ರಸ್ತೆಯ ಗಾಳಿಯಲ್ಲೇ ಹೊಲಕ್ಕಿಳಿಯುವುದು ನಮ್ಮ ಕಡೆಯ ಅತಿ ಸಾಮಾನ್ಯ ತಪ್ಪು. ಬಿಗಿದ ಟೈರು ನೆಲಕ್ಕೆ ನಡುವಿನ ಪಟ್ಟಿಯಲ್ಲಿ ಮಾತ್ರ ತಾಗುತ್ತದೆ, ಹಲ್ಲುಗಳ ಎರಡೂ ತುದಿ ಗಾಳಿಯಲ್ಲಿರುತ್ತವೆ.

ನೀರು. ಹಿಡಿತ ಸಾಲದಿದ್ದರೆ ಹಿಂದಿನ ಟ್ಯೂಬುಗಳಿಗೆ ನೀರು ತುಂಬಿಸಿ. ಗಾಲಿಯನ್ನು ಜಾಕಿಯಿಂದ ಎತ್ತಿ, ವಾಲ್ವ್ ಮೇಲ್ತುದಿಗೆ ಬರುವಂತೆ ತಿರುಗಿಸಿ, ವಾಲ್ವ್ ಒಳಗಿನ ಪಿನ್ನು ತೆಗೆದು, ವಾಲ್ವಿನಿಂದ ನೀರು ಹೊರಬರುವವರೆಗೆ ತುಂಬಿದರೆ ಟ್ಯೂಬಿನ ಸುಮಾರು ಮುಕ್ಕಾಲು ಭಾಗ ನೀರಾಗುತ್ತದೆ. ಉಳಿದ ಜಾಗಕ್ಕೆ ಗಾಳಿ. 13.6-28 ಅಳತೆಯ ಟೈರಿಗೆ ತಲಾ 150 ಲೀಟರಿಗೂ ಮಿಕ್ಕಿ ಹಿಡಿಯುತ್ತದೆ, ಎರಡರಿಂದ 300 ಕಿಲೋ ದಾಟುತ್ತದೆ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಉಪ್ಪಿನ ದ್ರಾವಣ ಬೇಕಾಗುತ್ತದೆ, ನಮಗೆ ಬಾವಿ ನೀರು ಸಾಕು.

ಎರಡನೇ ಹಂತದ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ. ಅರ್ಧ ಹೇರಿನಲ್ಲಿ ಒಟ್ಟು ತೂಕ 6.25 ಟನ್, ನೀರು ಸೇರಿ 6.55. ಸಡಿಲ ಹೊಲದಲ್ಲಿ ಬೇಕಾದ ಎಳೆತ 655 ಕಿಲೋ. ಹಿಂದಿನ ಗಾಲಿಗಳ ಮೇಲೆ ಸುಮಾರು 1,800 ಕಿಲೋ, ಅದರ ಶೇಕಡಾ 40 ಎಂದರೆ 720. ನೀರಿಲ್ಲದೆ ಜಾರುತ್ತಿದ್ದ ಹೇರು ಈಗ ಹೊರಡುತ್ತದೆ. ಪೂರ್ತಿ ಹೇರು ಮಾತ್ರ ಆಗಲೂ ಹೊರಡುವುದಿಲ್ಲ.

## ಹಂತ 6: ಟೈರಿನ ಅಳತೆ ಬದಲಿಸುವುದಿದ್ದರೆ

ಟೈರಿನ ಮೇಲಿನ 13.6-28 ಎಂಬುದರಲ್ಲಿ ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. 14.9-28ಕ್ಕೆ ಹೋದರೆ ರಿಮ್ ವ್ಯಾಸ ಅದೇ ಇದ್ದರೂ ಟೈರು ಅಗಲದ ಜೊತೆಗೆ ಎತ್ತರವೂ ಆಗುತ್ತದೆ. ಹೊರ ವ್ಯಾಸ ಸುಮಾರು ಶೇಕಡಾ 4 ಹೆಚ್ಚುತ್ತದೆ. 16.9-28 ಆದರೆ ಶೇಕಡಾ 9-10.

ವ್ಯಾಸ ಎಷ್ಟು ಹೆಚ್ಚಿತೋ ಅದೇ ಗೇರಿನಲ್ಲಿ ವೇಗ ಅಷ್ಟು ಹೆಚ್ಚುತ್ತದೆ, ಎಳೆತ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮೂರನೇ ಹಂತದಲ್ಲಿ ಎಂಜಿನ್ ಉಸಿರು ಕಟ್ಟಿದ್ದವರಿಗೆ ದೊಡ್ಡ ಟೈರು ನಷ್ಟದ ಬಾಬತ್ತು. ಗಾಲಿ ಜಾರುತ್ತಿದ್ದವರಿಗೆ ಮಾತ್ರ ಲಾಭ: ನೆಲಕ್ಕೆ ತಾಗುವ ಪಟ್ಟಿ ಉದ್ದ ಮತ್ತು ಅಗಲವಾಗಿ ಟೈರು ಹೂಳುವುದು ಕಡಿಮೆಯಾಗುತ್ತದೆ. ಡಾಂಬರಿನ ಮೇಲಷ್ಟೇ ಓಡುವವರು ಈ ಹಣವನ್ನು ಟ್ರೇಲರಿನ ಬ್ರೇಕಿಗೆ ಹಾಕಲಿ.

ಕೊಳ್ಳುವ ಮೊದಲು ರಿಮ್ಮಿನ ಅಗಲ ನೋಡಿ, ಅದನ್ನು ರಿಮ್ಮಿನ ಮೇಲೆಯೇ ಒತ್ತಿರುತ್ತಾರೆ. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಅಂಚುಗಳು ಒಳಕ್ಕೆ ಸೆಳೆದು ಟೈರು ಗುಂಡಗಾಗುತ್ತದೆ, ಕೊಟ್ಟ ದುಡ್ಡಿನ ಅಗಲ ನೆಲಕ್ಕೆ ತಾಗುವುದೇ ಇಲ್ಲ. ಮಡ್‌ಗಾರ್ಡಿನ ಸಂದನ್ನೂ ಅಳೆಯಿರಿ. ಅಂಗಡಿಯಲ್ಲಿ ಸಲೀಸಾಗಿ ತಿರುಗಿದ ಟೈರು, ಬೆಣ್ಣೆಹಳ್ಳದ ಆಸುಪಾಸಿನ ಎರೆ ಮೆತ್ತಿಕೊಂಡ ಮೇಲೆ ಮಡ್‌ಗಾರ್ಡನ್ನೇ ಉಜ್ಜುತ್ತದೆ. ಅದೇ ಟ್ರ್ಯಾಕ್ಟರಿನಿಂದ ಹತ್ತಿ, ಮೆಣಸಿನಕಾಯಿ ಸಾಲಿನಲ್ಲಿ ಎಡೆ ಹೊಡೆಯುವವರಿಗೆ ಅಗಲದ ಟೈರು ಗಿಡ ತುಳಿಯುತ್ತದೆ ಎಂಬುದೂ ನೆನಪಿರಲಿ.

ನಾಲ್ಕೂ ಗಾಲಿಗೆ ಎಳೆತವಿರುವ ಟ್ರ್ಯಾಕ್ಟರಿನಲ್ಲಿ ಹಿಂದಿನ ಟೈರುಗಳ ಅಳತೆಯನ್ನಷ್ಟೇ ಎಂದಿಗೂ ಬದಲಿಸಬೇಡಿ. ಮುಂದಿನ ಮತ್ತು ಹಿಂದಿನ ಗಾಲಿಗಳ ವೇಗದ ಹೊಂದಾಣಿಕೆ ಗೇರುಗಳಲ್ಲೇ ಕೂತಿರುತ್ತದೆ. ಅದು ಕೆಟ್ಟರೆ ಒಂದು ಜೋಡಿ ಎಳೆಯುವುದನ್ನು ಇನ್ನೊಂದು ಜೋಡಿ ತಡೆಯುತ್ತದೆ, ಕೊನೆಗೆ ಮುಂದಿನ ಡಿಫರೆನ್ಷಿಯಲ್ ಬೆಲೆ ತೆರುತ್ತದೆ. ಇದೇ ಕಾರಣಕ್ಕೆ ಒಣ ಡಾಂಬರಿನ ಮೇಲೆ ಮುಂದಿನ ಎಳೆತವನ್ನು ಬಂದ್ ಮಾಡಿರಬೇಕು.

ಜೋಡಿಸುವಾಗ ಹಲ್ಲಿನ ದಿಕ್ಕು ತಪ್ಪಬಾರದು. ಟೈರಿನ ಪಕ್ಕದಲ್ಲಿ ಬಾಣದ ಗುರುತಿದೆ. ಹಿಂದೆ ನಿಂತು ನೋಡಿದಾಗ ಹಲ್ಲುಗಳ ಮೊನೆ ಮೇಲ್ಮುಖವಾಗಿರಬೇಕು. ತಿರುವುಮುರುವಾದರೆ ಮಣ್ಣು ಪಕ್ಕಕ್ಕೆ ಉದುರದೆ ನಡುವೆ ತುಂಬಿಕೊಂಡು ಟೈರು ನುಣ್ಣಗಾಗುತ್ತದೆ.

## ಹಂತ 7: ಎಂಜಿನ್ ಆಯ್ಕೆ

ಇಲ್ಲಿಗೆ ಬರುವ ಹೊತ್ತಿಗೆ ಹೆಚ್ಚಿನವರಿಗೆ ಹೊಸ ಎಂಜಿನ್ ಬೇಕಾಗಿರುವುದಿಲ್ಲ. ಬೇಕೇ ಬೇಕಾದವರು ಈ ಸೂತ್ರ ಇಟ್ಟುಕೊಳ್ಳಿ: ಗಾಲಿಗೆ ತಲುಪುವ ಎಚ್‌ಪಿಯನ್ನು 270ರಿಂದ ಗುಣಿಸಿ, ಬೇಕಾದ ಎಳೆತದ ಕಿಲೋಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಬರುತ್ತದೆ. ಎಂಜಿನ್‌ನ ಎಚ್‌ಪಿಯಲ್ಲಿ ಗಾಲಿಗೆ ಮುಟ್ಟುವುದು ಸುಮಾರು ಶೇಕಡಾ 70.

ನಮ್ಮ 630 ಕಿಲೋ ಏರನ್ನೇ ತೆಗೆದುಕೊಳ್ಳೋಣ. 35 ಎಚ್‌ಪಿ ಎಂಜಿನ್ ಅದನ್ನು ಗಂಟೆಗೆ ಸುಮಾರು 10 ಕಿಲೋಮೀಟರಿನಲ್ಲಿ ಏರುತ್ತದೆ, 45 ಎಚ್‌ಪಿಯದು 13ರ ಮೇಲೆ, 55 ಎಚ್‌ಪಿಯದು 16ರ ಮೇಲೆ. ಮೂರೂ ಏರುತ್ತವೆ. ದಿನಕ್ಕೆ ಎರಡು ಸಲ ಮಾರುಕಟ್ಟೆಗೆ ಹೋಗುವವರಿಗೆ ಈ ವ್ಯತ್ಯಾಸಕ್ಕೆ ಬೆಲೆಯಿದೆ, ತಿಂಗಳಿಗೊಮ್ಮೆ ಹೋಗುವವರಿಗೆ ಕಂತಿನ ಹೊರೆ ಮಾತ್ರ. ಆದರೆ ಚಿಕ್ಕ ಟ್ರ್ಯಾಕ್ಟರ್ ಸಾಮಾನ್ಯವಾಗಿ ಹಗುರ. ಏರಿಸಿದ ಹೇರನ್ನು ಇಳಿಸುವಾಗ ಅದನ್ನು ಟ್ರೇಲರೇ ತಳ್ಳುತ್ತದೆ.

ಮಾರಾಟದ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ಎಂಜಿನ್‌ನ ಎಚ್‌ಪಿ. ಕೇಳಬೇಕಾದದ್ದು ಪಿಟಿಒ ಎಚ್‌ಪಿ (ಉಪಕರಣ ತಿರುಗಿಸುವ ಹಿಂಬದಿಯ ಶಾಫ್ಟಿನಲ್ಲಿ ಸಿಗುವ ಶಕ್ತಿ) ಮತ್ತು ಟಾರ್ಕ್ ಬ್ಯಾಕಪ್. ಎರಡನೆಯದು, ಏರಿನಲ್ಲಿ ಆರ್‌ಪಿಎಂ ಇಳಿದಾಗ ಎಂಜಿನ್ ಶೇಕಡಾ ಎಷ್ಟು ಹೆಚ್ಚು ತಿರುಚುಬಲ ಕೊಟ್ಟು ತಡೆದುಕೊಳ್ಳುತ್ತದೆ ಎಂಬ ಅಂಕಿ. ಅದು ದೊಡ್ಡದಿದ್ದಷ್ಟೂ ಏರಿನ ನಡುವೆ ಗೇರು ಬದಲಿಸುವ ಪ್ರಮೇಯ ಕಡಿಮೆ. ಟಾರ್ಕ್ ಎಂಬ ಒಂಟಿ ಅಂಕಿಗೆ ಮರುಳಾಗಬೇಡಿ: ಕಡಿಮೆ ಆರ್‌ಪಿಎಂ ಎಂಜಿನ್ನಿಗೆ ಆ ಅಂಕಿ ದೊಡ್ಡದಾಗಿಯೇ ಇರುತ್ತದೆ, ಗೇರುಗಳು ಅದನ್ನು ಸರಿದೂಗಿಸಿಬಿಡುತ್ತವೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಪಿಟಿಒ ಶಕ್ತಿ, ಡ್ರಾಬಾರ್ ಎಳೆತ (ಹಿಂದೆ ಸಿಕ್ಕಿಸಿದ್ದನ್ನು ಎಳೆಯುವ ಬಲ) ಎಲ್ಲ ಅದರಲ್ಲಿರುತ್ತದೆ. ನಿಮಗೆ ಬೇಕಾದ ಮಾದರಿಯ ವರದಿಯನ್ನು ಮಾರಾಟಗಾರನಿಂದ ಕೇಳಿ ಪಡೆಯಿರಿ.

50 ಎಚ್‌ಪಿ ಮೀರಿದ ಟ್ರ್ಯಾಕ್ಟರುಗಳಿಗೆ ಜನವರಿ 2023ರಿಂದ ಹೊಸ ಹೊಗೆ ನಿಯಮ ಅನ್ವಯವಾಗುತ್ತಿದೆ. ಅವುಗಳ ಇಂಧನ ವ್ಯವಸ್ಥೆ ಸೂಕ್ಷ್ಮ. ಡಬ್ಬಿಯಲ್ಲಿ ತಂದ ಡೀಸೆಲನ್ನು ಸೋಸದೆ ಸುರಿಯುವ ಅಭ್ಯಾಸ ಇದ್ದವರು ಆ ಗೆರೆ ದಾಟುವ ಮುನ್ನ ಎರಡು ಸಲ ಯೋಚಿಸಲಿ.

## ಹಂತ 8: ಇಳಿಜಾರಿನಲ್ಲಿ ಪರೀಕ್ಷೆ

ಟೈರು, ತೂಕ, ಟ್ರ್ಯಾಕ್ಟರ್ ಯಾವುದನ್ನೇ ಬದಲಿಸಿದ್ದರೂ ಮೊದಲ ಓಡಾಟ ಅರ್ಧ ಹೇರಿನಲ್ಲಿ, ಹಗಲಿನಲ್ಲಿ, ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ನಡೆಯಲಿ. ಟ್ರೇಲರಿನ ಮೇಲೆ ಜನರನ್ನು ಕೂರಿಸಬೇಡಿ.

ಎಡ-ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದುಗೂಡಿಸಿ. ಹೊಲದಲ್ಲಿ ತಿರುಗಿಸಲು ಬಿಚ್ಚಿದ್ದನ್ನು ಮರೆತು ರಸ್ತೆಗೆ ಬಂದರೆ, ಒಂದೇ ಪೆಡಲ್ ತುಳಿದ ಕ್ಷಣ ಟ್ರ್ಯಾಕ್ಟರ್ ಅಡ್ಡ ತಿರುಗಿ ಹಿಂದಿನ ಟ್ರೇಲರ್ ಮೇಲೇರುತ್ತದೆ. ಏರಲು ಯಾವ ಗೇರು ಬೇಕಾಗುತ್ತಿತ್ತೋ ಇಳಿಯಲೂ ಅದೇ ಗೇರು, ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು. ಇಳಿಯುವಾಗ ಕ್ಲಚ್ ತುಳಿದರೆ ಎಂಜಿನ್ ಹಿಡಿತ ತಪ್ಪಿ ತುಂಬಿದ ಟ್ರೇಲರಿನ ಏಳು ಟನ್ ನಿಮ್ಮ ಬೆನ್ನಿಗೆ ಬೀಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರು ಉಳಿಸುವುದು ಚಹಾದ ಕಾಸು.

ಇಳಿದ ಮೇಲೆ ನಿಲ್ಲಿಸಿ ಟ್ರೇಲರಿನ ಎರಡೂ ಹಬ್ಬುಗಳ (ಗಾಲಿಯ ನಡುಭಾಗದ) ಬಳಿ ಅಂಗೈ ಹಿಂಭಾಗ ಒಯ್ದು ನೋಡಿ. ಒಂದು ಬೆಚ್ಚಗಿದ್ದು ಇನ್ನೊಂದು ಮುಟ್ಟಲಾಗದಷ್ಟು ಬಿಸಿಯಿದ್ದರೆ ಆ ಕಡೆಯ ಬ್ರೇಕ್ ಅಥವಾ ಬೇರಿಂಗ್ ಹಿಡಿದಿದೆ. ಹುಕ್ಕಿನ ಪಿನ್ನಿಗೆ ಹಾಕಿದ ಲಾಕ್ ಸ್ಥಳದಲ್ಲಿದೆಯೇ, ಗಾಲಿಯ ನಟ್ಟುಗಳು ಬಿಗಿಯಾಗಿವೆಯೇ ನೋಡಿ. ಹೊಸ ಟೈರು ಹಾಕಿಸಿದ ಗಾಲಿಯ ನಟ್ಟುಗಳು ಮೊದಲ ಹೇರಿನಲ್ಲೇ ಸಡಿಲವಾಗುವುದುಂಟು. ಸ್ಪ್ಯಾನರ್ ಹಿಡಿದು ಇನ್ನೊಂದು ಸುತ್ತು ಬಿಗಿದ ಮೇಲೆ ಪೂರ್ತಿ ಹೇರು ತುಂಬಿಸಿ.